ಕೆಂಪು ದೀಪದಲ್ಲಿ ಕೊಟ್ಟ ಪ್ರಸಾದ

ಮುರಿದದ್ದು ಬಲಗೈ. ಮಣಿಕಟ್ಟಿನ ಹತ್ತಿರ, ಎರಡು ಕಡೆ. ಡಾಕ್ಟರು ಒಳಗೊಂದು ಲೋಹದ ಪಟ್ಟಿ ಇಟ್ಟು, ಸ್ಕ್ರೂ ಹಾಕಿ ಕೂಡಿಸಿದರು. ಎಡಗೈಗೆ ಏನೂ ಆಗಿರಲಿಲ್ಲ. ಕನ್ನಡಕ ಹಾರಿ ಸೀಟಿನ ಕೆಳಗೆ ಬಿದ್ದಿದ್ದರೂ ಒಡೆದಿರಲಿಲ್ಲ. ಮಗಳಿಗೆ ಅವತ್ತು ರಜೆ ಇರಲಿಲ್ಲ, ಇದ್ದಿದ್ದರೆ ನನ್ನ ಪಕ್ಕದಲ್ಲೇ ಕೂತಿರುತ್ತಿದ್ದಳು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಇದನ್ನೆಲ್ಲ ನೆನೆಸಿಕೊಂಡು ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ನಿಜವಾಗಿ ಮುಗಿಯೋಣ ಎಂದರೆ ಒಂದು ಕೈ ಹಗ್ಗದಲ್ಲಿ ನೇತಾಡುತ್ತಿತ್ತು.

ಬಲಗೈ ಇಲ್ಲದೆ ಮನೆ ನಡೆಸುವುದು ಎಂದರೇನು ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು. ಚಪಾತಿ ಲಟ್ಟಿಸುವುದು ಹೋಗಲಿ, ಅಂಗಡಿಯಲ್ಲಿ ಸಿಗುತ್ತದೆ. ಕುಕ್ಕರ್ ಮುಚ್ಚಳ ಹಾಕಲು ಮಗಳನ್ನು ಕೂಗಬೇಕಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಮಂಗಳಾರತಿ. ಎಡಗೈಯಲ್ಲಿ ಹೇಗೆ ಎತ್ತುವುದು ಎಂದು ನಾಲ್ಕು ದಿನ ದೀಪ ಹಚ್ಚಿ ಹಾಗೇ ಎದುರಿಗೆ ನಿಂತೆ. ಐದನೆಯ ದಿನ ಮಗಳು ನೋಡಿಬಿಟ್ಟಳು.

"ಅಮ್ಮ, ದೇವರು ಲೆಫ್ಟ್ ರೈಟ್ ಎಲ್ಲಾ ನೋಡಲ್ಲ. ಇಟ್ಸ್ ಫೈನ್."

"ನಿಂಗೇನೇ ಗೊತ್ತು?"

"ನೀನೇ ಹೇಳಿದ್ಯಲ್ಲ, ಹೀ ಸೀಸ್ ದ ಹಾರ್ಟ್ ಅಂತ."

ಹೇಳಿದ್ದು ಹೌದು. ಅವತ್ತಿನಿಂದ ಎಡಗೈಯಲ್ಲೇ ಎತ್ತಿದೆ, ಕ್ಷಮಿಸಪ್ಪಾ ಎನ್ನುತ್ತ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳು ಮಡಚುತ್ತಲೇ ಇರಲಿಲ್ಲ. ವಾರಕ್ಕೆ ಎರಡು ಸಲ ಕೈಯ ಥೆರಪಿಗೆ ಹೋಗುವಂತೆ ಬರೆದುಕೊಟ್ಟರು. ಅಲ್ಲಿಯ ಹುಡುಗಿ ಬಿಸಿನೀರಿನಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳನ್ನು ಹಿಡಿದು ಬಗ್ಗಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಪ್ರತಿ ಸಲವೂ ಒಂದು ಎಳ್ಳಿನಷ್ಟು ಜಾಸ್ತಿ ಮಡಚುತ್ತಿತ್ತು. "ಈಗ ನಿಲ್ಲಿಸಿದರೆ ಬೆರಳು ಇಲ್ಲಿಗೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಏನು ಮಾಡಿದರೂ ಬಾರದು" ಎಂದು ಆಕೆ ಮೊದಲೇ ಎಚ್ಚರಿಸಿದ್ದಳು. ನಮ್ಮ ಇನ್ಶೂರೆನ್ಸಿನವರು ಇಂತಿಷ್ಟು ಸಲ ಎಂದು ಒಪ್ಪಿಕೊಂಡಿದ್ದರು. ಅದು ಮುಗಿಯುತ್ತ ಬಂದಿತ್ತು. ಮುಂದಿನದನ್ನು ಕಾರಿಗೆ ಗುದ್ದಿದವನ ಇನ್ಶೂರೆನ್ಸ್ ಕೊಡಬೇಕು, ಕೊಟ್ಟೇ ಕೊಡುತ್ತದೆ ಎಂದು ನಾವು ನಿಶ್ಚಿಂತೆಯಾಗಿದ್ದೆವು.

ಅಪಘಾತ ಆದದ್ದು ಒಂದು ಶುಕ್ರವಾರ, ಇಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಫೇರ್‌ಫ್ಯಾಕ್ಸ್ ಕಡೆಯ ದೇವಸ್ಥಾನಕ್ಕೆ ಹೋಗಿ ಸ್ಟರ್ಲಿಂಗಿನ ನಮ್ಮ ಮನೆಗೆ ಬರುವಾಗ. ನನಗೆ ಲೈಸೆನ್ಸ್ ಇದೆ, ಹೈವೇ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ದಿನಸಿ ಅಂಗಡಿ, ಮಗಳ ಸ್ಕೂಲು, ಅಲ್ಲಿಗೆ ನನ್ನ ಡ್ರೈವಿಂಗ್ ಮುಗಿಯಿತು. ಕೋವಿಡ್ ಭಯ ಕಳೆದು, ಆಫೀಸಿಗೇ ಬನ್ನಿ ಎಂದು ನಮ್ಮ ಯಜಮಾನರನ್ನು ಮತ್ತೆ ಕರೆಯತೊಡಗಿದ ಮೇಲೆ ಮನೆಯ ಒಂದೇ ಕಾರು ಅವರ ಜೊತೆ ಹೋಗಿಬಿಡುತ್ತಿತ್ತು. ಹಾಗಾಗಿ ಶುಕ್ರವಾರ ಫೋನಿನ ಆ್ಯಪಿನಲ್ಲಿ ಕಾರು ಕರೆಸಿಕೊಂಡು ದೇವಸ್ಥಾನಕ್ಕೆ ಹೋಗುವುದು ನನಗೆ ರೂಢಿಯಾಗಿತ್ತು.

ಅವತ್ತು ಬಂದ ಡ್ರೈವರ್ ಇಥಿಯೋಪಿಯಾದವರು, ಅರವತ್ತರ ಹತ್ತಿರದ ವಯಸ್ಸು, ಕನ್ನಡಿಗೆ ಒಂದು ಪುಟ್ಟ ಮರದ ಶಿಲುಬೆ ಕಟ್ಟಿದ್ದರು. ನನ್ನ ಕೈಯಲ್ಲಿ ಮುಚ್ಚಳದ ಎರಡು ಬಟ್ಟಲುಗಳಲ್ಲಿ ಸಿಹಿ ಪೊಂಗಲ್ ಇತ್ತು. ಪ್ರಸಾದ ಹಿಡಿದುಕೊಂಡು, ಜೊತೆಯಲ್ಲಿರುವವರಿಗೆ ಕೊಡದೆ ಹಾಗೇ ಮನೆಗೆ ಒಯ್ಯುವುದು ನಮ್ಮಲ್ಲಿಲ್ಲ. ಬಸ್ಸಿನ ಕಂಡಕ್ಟರಿಗೂ ಕೊಟ್ಟು ಬೆಳೆದವಳು ನಾನು. ಕಾರು ಒಂದು ಕೆಂಪು ದೀಪದಲ್ಲಿ ನಿಂತಾಗ ಮುಂದಕ್ಕೆ ಬಾಗಿ ಒಂದು ಬಟ್ಟಲು ಚಾಚಿದೆ. ಅವರು ಹಿಂದಕ್ಕೆ ತಿರುಗಿ, ಎರಡೂ ಕೈ ಒಡ್ಡಿ, ತಲೆ ಬಾಗಿಸಿ ತೆಗೆದುಕೊಂಡರು. ನಮ್ಮ ಊರಿನ ಹಿರಿಯರು ತೆಗೆದುಕೊಂಡ ಹಾಗೇ ಇತ್ತು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಆ ಎರಡು ಕೈಗಳು ಕಣ್ಣಲ್ಲಿ ನಿಂತುಬಿಟ್ಟವು.

"ಇದರಲ್ಲಿ ಹಾಲು, ಬೆಣ್ಣೆ ಏನಾದರೂ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ತುಪ್ಪ ಇದೆ ಎಂದೆ. ಅವರು ನಕ್ಕು, ಬುಧವಾರ ಮತ್ತು ಶುಕ್ರವಾರ ನಮಗೆ ಉಪವಾಸ, ಹಾಲಿನದು ಮುಟ್ಟುವುದಿಲ್ಲ, ನಾಳೆ ಬೆಳಿಗ್ಗೆ ಎದ್ದು ಮೊದಲು ಇದನ್ನೇ ತಿನ್ನುತ್ತೇನೆ ಎಂದು ಬಟ್ಟಲನ್ನು ಸೀಟಿನ ಪಕ್ಕ ಲೋಟ ಇಡುವ ಕುಳಿಯಲ್ಲಿಟ್ಟರು. ದೀಪ ಹಸಿರಾಯಿತು, ಹೊರಟೆವು. ಮುಂದಿನ ಸಿಗ್ನಲ್ಲಿನಲ್ಲೂ ನಮಗೆ ಹಸಿರೇ ಇತ್ತು. ಎದುರಿನಿಂದ ಒಂದು ಪಿಕಪ್ ಟ್ರಕ್ಕು ನಮಗೆ ದಾರಿ ಬಿಡದೆ ಎಡಕ್ಕೆ ತಿರುಗಿ ಬಂದು ಬಡಿಯಿತು. ಬೆಲ್ಟ್ ಹಾಕಿಕೊಂಡಿದ್ದೆ. ಆದರೂ ಮುಂದಿನ ಸೀಟಿಗೆ ಬಲಗೈ ಒಡ್ಡಿಬಿಟ್ಟಿದ್ದೆ. ಡ್ರೈವರಿಗೆ ಹಣೆಯ ಮೇಲೊಂದು ತರಚುಗಾಯ, ಅಷ್ಟೆ. ಆ್ಯಂಬುಲೆನ್ಸ್ ಬರುವವರೆಗೂ ನನ್ನ ಪಕ್ಕದಲ್ಲಿ ಮಂಡಿಯೂರಿ ತಮ್ಮ ಭಾಷೆಯಲ್ಲಿ ಏನೋ ಪ್ರಾರ್ಥಿಸುತ್ತಿದ್ದರು.

ಇದನ್ನು ಈಗ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಎರಡೇ, ಪ್ರಸಾದ ಹಿಡಿದ ಕೈ ಮತ್ತು ಆ ಸದ್ದು. ಮಧ್ಯದ್ದೆಲ್ಲ ಅಳಿಸಿಹೋಗಿತ್ತು.

ಆಪರೇಷನ್ ಆದ ಮೂರನೆಯ ದಿನ ಟ್ರಕ್ಕಿನವನ ಇನ್ಶೂರೆನ್ಸ್ ಕಂಪನಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ನೋವಿನ ಮಾತ್ರೆಯ ಮಂಪರು. ಅವಳ ದನಿ ಎಷ್ಟು ಮೃದು! ನೋವು ಹೇಗಿದೆ, ಊಟ ಮಾಡಿದಿರಾ, ಮನೆಯಲ್ಲಿ ಸಹಾಯಕ್ಕೆ ಯಾರಿದ್ದಾರೆ ಎಂದೆಲ್ಲ ವಿಚಾರಿಸಿದಳು. ಮಾತನ್ನು ರೆಕಾರ್ಡ್ ಮಾಡಿಕೊಳ್ಳಬಹುದೇ ಎಂದಳು. ಮಾಡಿಕೋ ತಾಯಿ ಎಂದೆ. ಆಮೇಲೆ ಡ್ರೈವರ್ ಹುಷಾರಾಗಿ ಓಡಿಸುತ್ತಿದ್ದರೇ ಎಂದು ಕೇಳಿದಳು.

ಪಾಪ, ಆ ವಯಸ್ಸಿನಲ್ಲಿ ದುಡಿಯುವ ಮನುಷ್ಯ. ನನ್ನ ಒಂದು ಮಾತಿನಿಂದ ಅವರ ಕೆಲಸ ಹೋದರೆ? ಅವರನ್ನು ಹೊಗಳಬೇಕು ಎಂದುಕೊಂಡು ಶುರು ಮಾಡಿದೆ. ಅವರು ಬಹಳ ಒಳ್ಳೆಯವರು, ದೈವಭಕ್ತರು, ನಾನು ಪ್ರಸಾದ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡರು ಎಂದೆ.

"ಎರಡೂ ಕೈಯಲ್ಲಾ?" ಎಂದಳು.

"ಹೌದು, ಎರಡೂ ಕೈಯಲ್ಲಿ. ಪೂರ್ತಿ ಹಿಂದಕ್ಕೆ ತಿರುಗಿ" ಎಂದೆ, ಹೆಮ್ಮೆಯಿಂದ.

"ಆಮೇಲೆ ಏನಾಯಿತು?"

"ಆಮೇಲೆ ಗುದ್ದಿತು. ಅವರದೇನೂ ತಪ್ಪಿಲ್ಲಮ್ಮ. ತಪ್ಪು ಅಂತ ಏನಾದರೂ ಇದ್ದರೆ ಅದು ನನ್ನದೇ ಎಂದು ಬರೆದುಕೋ."

ಬರೆದುಕೊಂಡಳು. ಬೇಗ ಗುಣವಾಗಲಿ ಎಂದು ಹಾರೈಸಿ ಫೋನ್ ಇಟ್ಟಳು. ಸಂಜೆ ನಮ್ಮವರಿಗೆ, ಎಷ್ಟು ಒಳ್ಳೆಯ ಹುಡುಗಿ ಗೊತ್ತಾ ಎಂದು ವರ್ಣಿಸಿದೆ.

ಪತ್ರ ಬಂದದ್ದು ಥೆರಪಿ ಮುಗಿಯುತ್ತ ಬಂದ ಹೊತ್ತಿಗೆ. ನಮ್ಮವರು ನಿಂತೇ ಓದಿದರು, ಆಮೇಲೆ ಕೂತು ಇನ್ನೊಂದು ಸಲ ಓದಿದರು.

"ಏನ್ರೀ ಅದು?"

"ಕ್ಲೈಮ್ ರಿಜೆಕ್ಟ್ ಮಾಡಿದಾರೆ. ನೀನು ಡ್ರೈವರ್ ಗಮನ ಬೇರೆ ಕಡೆ ಎಳೆದೆಯಂತೆ. ನೀನೇ ಒಪ್ಪಿಕೊಂಡಿದೀಯಂತೆ. ವರ್ಜೀನಿಯಾ ಕಾನೂನಿನ ಪ್ರಕಾರ ಏನೂ ಕೊಡಬೇಕಾಗಿಲ್ವಂತೆ."

"ನಾನೆಲ್ಲಿ ಹಾಗಂದೆ?"

"ಎರಡೂ ಕೈ ಸ್ಟೀರಿಂಗ್ ಬಿಟ್ಟು ಹಿಂದೆ ತಿರುಗಿದ್ರು ಅಂದಿದೀಯಲ್ಲೇ! ಮೇಲೆ ತಪ್ಪು ನನ್ನದೇ ಅಂತ ಬೇರೆ. ದೇವರ ಮುಂದೆ ಕೆನ್ನೆ ಬಡ್ಕೊಂಡ ಹಾಗೆ ಇನ್ಶೂರೆನ್ಸ್‌ನವರ ಮುಂದೆ ಬಡ್ಕೊಂಡಿದೀಯ."

ಅವರು ಬೈಯಲಿಲ್ಲ, ಅದೇ ಪುಣ್ಯ. ನನ್ನ ಬೆರಳು ಹೋದರೆ ಹೋಗಲಿ, ಯಾರನ್ನು ಉಳಿಸಲು ಹೋದೆನೋ ಅವರನ್ನೇ ಸಿಕ್ಕಿಸಿಬಿಟ್ಟೆನಲ್ಲ! ಓಡುವ ಗಾಡಿಯಲ್ಲಿ ಎರಡೂ ಕೈ ಬಿಟ್ಟ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಜಾರ್ಜಿಯಾ ರಾಜ್ಯದ ಸುವಾನಿಯಲ್ಲಿರುವ ತಂಗಿಗೆ ಫೋನ್ ಮಾಡಿ ಅತ್ತುಕೊಂಡೆ. ಅವಳು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ.

"ಅಕ್ಕ, ನಮ್ಮ ಜಾರ್ಜಿಯಾದಲ್ಲಾಗಿದ್ರೆ ಇಷ್ಟು ಮೋಸ ಇರ್ಲಿಲ್ಲ. ಇಲ್ಲಿ ನಿಂದು ಸ್ವಲ್ಪ ತಪ್ಪಿದ್ರೆ ಅಷ್ಟು ಪಾಲು ಕಳೆದು ಮಿಕ್ಕಿದ್ದು ಕೊಡ್ತಾರೆ. ಅರ್ಧಕ್ಕಿಂತ ಕಡಿಮೆ ಇರಬೇಕು ಅಷ್ಟೆ. ನಮ್ಮ ಪಕ್ಕದ ಮನೆ ಅಂಕಲ್‌ಗೆ ಹಂಗೇ ಕೊಟ್ರು."

"ಇಲ್ಲಿ?"

"ನಿಮ್ಮಲ್ಲಿ ಒಂದು ಕಾಳಷ್ಟು ತಪ್ಪಿದ್ರೂ ಸೊನ್ನೆ. ನಾವು ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ನಲ್ಲಿದ್ದಾಗ ಅಲ್ಲೂ ಹಂಗೇ. ಅಲ್ಲಿಂದ ಅರ್ಧ ಗಂಟೆ ಡ್ರೈವ್ ಮಾಡಿ ಸೌತ್ ಕ್ಯಾರೊಲಿನಾಗೆ ಹೋದ್ರೆ ಮತ್ತೆ ಬೇರೆ. ನೀನು ಗುದ್ದಿಸ್ಕೊಳ್ಳೋ ಮುಂಚೆ ಬಾರ್ಡರ್ ನೋಡ್ಕೋಬೇಕಿತ್ತು!"

ಅಳುವಿನ ಮಧ್ಯೆ ನಗು ಬಂತು. ನನಗೆ ಅರ್ಥವಾದದ್ದು ಅಡಿಗೆಮನೆಯ ಲೆಕ್ಕದಲ್ಲಿ. ಅವಳ ಕಡೆ ಹಾಲಿಗೆ ನೀರು ಬಿದ್ದ ಹಾಗೆ, ತೆಳ್ಳಗಾದರೂ ಹಾಲೇ. ನಮ್ಮ ಕಡೆ ನಿಂಬೆರಸ ಬಿದ್ದ ಹಾಗೆ, ಒಂದು ತೊಟ್ಟಿಗೇ ಪಾತ್ರೆಯೆಲ್ಲ ಒಡೆಯುತ್ತದೆ.

ನಮ್ಮವರು ಅವತ್ತು ಮೆಲ್ಲಗೆ ಒಂದು ಮಾತು ತೆಗೆದರು. "ಮಾತ್ರೆ ಅಮಲಿನಲ್ಲಿ ಏನೋ ಹೇಳಿಬಿಟ್ಟೆ, ಪ್ರಸಾದಾನೂ ಕೊಟ್ಟಿಲ್ಲ ಏನೂ ಇಲ್ಲ ಅಂದುಬಿಡು. ಯಾರು ನೋಡಿದಾರೆ?"

"ಅದೊಂದು ಆಗಲ್ಲ ರೀ. ಪ್ರಸಾದ ಕೊಟ್ಟು ಕೊಟ್ಟಿಲ್ಲ ಅನ್ನಲಾ? ಬೇರೆ ಏನು ಬೇಕಾದ್ರೂ ಹೇಳಿಸಿ."

ಅವರು ಮತ್ತೆ ಆ ಮಾತೆತ್ತಲಿಲ್ಲ. ಪರಿಚಯದವರ ಮೂಲಕ ಒಬ್ಬಳು ವಕೀಲೆಯನ್ನು ಹುಡುಕಿದರು. ಅಪ್ಪ ಅಮ್ಮ ಹುಬ್ಬಳ್ಳಿ ಕಡೆಯ ಡಾಕ್ಟರುಗಳು, ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಮೂವತ್ತು ದಾಟಿರಬಹುದು. ಅವಳ ಕನ್ನಡ ಅಮೆರಿಕದ ಉಚ್ಚಾರದಲ್ಲಿ ನೆನೆಸಿದ ಧಾರವಾಡದ ಕನ್ನಡ. ಪತ್ರ ಓದಿ, ಕನ್ನಡಕ ತಲೆಗೇರಿಸಿ, ನನ್ನನ್ನೇ ನೋಡಿದಳು.

"ಆಂಟಿ, ನಿಮಗ ಫೋನ್ ಮಾಡಿದಾಕಿ ಯಾರ ಕಡೆಯಾಕಿ ಗೊತ್ತೇನ್ರಿ?"

"ಟ್ರಕ್ಕಿನವನ ಕಡೆಯವಳು."

"ಮತ್ತ? ಆಕಿ ಜೋಡಿ ನೀವು ಮಾತಾಡೋದ ಬೇಕಿರಲಿಲ್ಲ. ಇರಲಿ. ಪ್ರಸಾದ ಕೊಟ್ಟಿದ್ದು ಖರೆ ಏನು?"

"ಖರೆ. ಅದನ್ನ ನಾನು ಇಲ್ಲ ಅನ್ನಲ್ಲ ಕಣಮ್ಮ."

"ಅನ್ನಬ್ಯಾಡ್ರಿ. ಸುಳ್ಳು ಹೇಳಿದ್ರ ಕೇಸ್ ನಾನ ಬಿಡ್ತೀನಿ. ನೀವು ತಪ್ಪು ಯಾರದು ಅಂತ ಹೇಳೋದು ಬಿಟ್ಟು, ಏನಾತು ಅಂತ ಅಷ್ಟ ಹೇಳ್ರಿ. ಒಂದರ ಹಿಂದ ಒಂದು. ಕೊಟ್ಟಾಗ ಗಾಡಿ ಓಡತಿತ್ತೋ, ನಿಂತಿತ್ತೋ?"

ಯಾರೂ ಅಲ್ಲಿಯವರೆಗೆ ನನ್ನನ್ನು ಇದನ್ನು ಕೇಳಿರಲಿಲ್ಲ. ಕಣ್ಣು ಮುಚ್ಚಿದೆ. ಬಾಗಿದ್ದು ನೆನಪಾಯಿತು. ಬಾಗುವಾಗ ಕಾರು ಅಲುಗಾಡುತ್ತಿರಲಿಲ್ಲ. ಬಾಗಿದವಳಿಗೆ ಮುಂದಿನ ಗಾಜಿನಲ್ಲಿ ಕೆಂಪು ಬೆಳಕು ಕಾಣುತ್ತಿತ್ತು. ಪಕ್ಕದ ಲೇನಿನ ಸ್ಕೂಲ್ ಬಸ್ಸೂ ನಿಂತಿತ್ತು.

"ನಿಂತಿತ್ತು. ಕೆಂಪು ದೀಪ."

"ಅಲ್ಲೇ ಗುದ್ದಿದನೇನು?"

"ಇಲ್ಲ... ಇಲ್ಲಮ್ಮ. ಅಲ್ಲಿಂದ ಹೊರಟ್ವಿ. ಅವರ ಉಪವಾಸದ ಮಾತು ಮುಂದುವರೀತು. ಅವರ ಹೆಂಡತಿ ಮಸೂರದ ಬೇಳೆ ಸಾರು ಹೇಗೆ ಮಾಡ್ತಾರೆ ಅಂತ ಹೇಳಿದ್ರು. ನಾನು ತೊಗರಿಬೇಳೆ ಹಾಕಿ ನೋಡಿ ಅಂದೆ. ಮುಂದಿನ ಸಿಗ್ನಲ್ಲಿನಲ್ಲಿ ಗುದ್ದಿದ್ದು."

ಆ ಹುಡುಗಿ ಫೋನ್ ತೆಗೆದು ಹೊತ್ತು ಅಳೆಯುವ ಗಡಿಯಾರ ಒತ್ತಿದಳು. "ಆ ಸಾರಿನ ಮಾತು ಆಗ ಹೆಂಗ ಆಡಿದ್ರೋ ಹಂಗ ಆಡ್ರಿ."

ಆಡಿದೆ. ಈರುಳ್ಳಿ ಹುರಿಯುವುದರಿಂದ ಹಿಡಿದು ಖಾರದ ಪುಡಿಯವರೆಗೆ. ನಮ್ಮವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಒಂದು ನಿಮಿಷದ ಮೇಲಾಯಿತು.

"ಸಾರು ಕುದಿಯೋಷ್ಟು ಹೊತ್ತು ಆಗೇದ, ಪ್ರಸಾದಕ್ಕೂ ಆ್ಯಕ್ಸಿಡೆಂಟಿಗೂ ಏನ್ ಸಂಬಂಧ?" ಎಂದು ನಕ್ಕಳು. ಆಮೇಲೆ ಗಂಭೀರಳಾದಳು. ಇಬ್ಬರು ಡ್ರೈವರುಗಳಲ್ಲಿ ಯಾರದು ಎಷ್ಟು ತಪ್ಪು ಎಂಬುದು ಹಿಂದೆ ಕೂತವಳಿಗೆ ಸಂಬಂಧವಿಲ್ಲ, ಯಾರಾದರೊಬ್ಬರ ಇನ್ಶೂರೆನ್ಸ್ ಕೊಡಲೇಬೇಕು. ಆದರೆ ಅಪಘಾತಕ್ಕೆ ಕಾರಣವಾದ ತಪ್ಪಿನಲ್ಲಿ ಒಂದು ಚೂರು ನನ್ನದೆಂದು ಸಾಬೀತಾದರೆ ಈ ರಾಜ್ಯದಲ್ಲಿ ಎಲ್ಲ ಬಾಗಿಲೂ ಮುಚ್ಚುತ್ತದೆ. ರೆಕಾರ್ಡಿನಲ್ಲಿ ನಾನೇ ಹೇಳಿದ್ದಿದೆ. ಈಗ ಬೇರೆ ಹೇಳಿದರೆ, ಯಾರೋ ಹೇಳಿಕೊಟ್ಟರು ಎನ್ನುತ್ತಾರೆ. "ನಿಮ್ಮ ಮಾತು ಬಿಟ್ಟು ಬ್ಯಾರೆ ಏನರ ಸಾಕ್ಷಿ ಬೇಕು ಆಂಟಿ" ಎಂದಳು.

ಆ ದಿನಗಳಲ್ಲಿ ಥೆರಪಿಯೂ ನಿಂತಿತು. ಅಲ್ಲಿಯ ಹುಡುಗಿ ಒಂದು ಮೆತ್ತನೆಯ ಉಂಡೆ ಕೊಟ್ಟು ಮನೆಯಲ್ಲೇ ಹಿಚುಕಿ ಎಂದಿದ್ದಳು. ಚಪಾತಿ ಹಿಟ್ಟಿನ ಹಾಗಿದ್ದ ಅದನ್ನು ವಿಷ್ಣು ಸಹಸ್ರನಾಮ ಮುಗಿಯುವವರೆಗೂ ಹಿಚುಕುತ್ತಿದ್ದೆ. ಆದರೂ ನಡುಬೆರಳು ಮೊದಲಿಗಿಂತ ಬಿಗಿಯಾಗುತ್ತ ಬಂದದ್ದು ನನಗೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ವಕೀಲೆ ಡ್ರೈವರನ್ನು ಹುಡುಕಿ ಮಾತಾಡಿದಳು. ಅವರ ಕಾರಿನಲ್ಲಿ ಕ್ಯಾಮೆರಾ ಇತ್ತು. ರಸ್ತೆಯನ್ನು ತೋರಿಸುವ ವಿಡಿಯೋ ಮಾತ್ರ ಅವರು ಎಲ್ಲರಿಗೂ ಕೊಟ್ಟಿದ್ದರು. ಅದರಲ್ಲಿ ಟ್ರಕ್ಕು ತಿರುಗಿದ್ದು ಕಾಣುತ್ತಿತ್ತು, ಅವರ ಕೈ ಎಲ್ಲಿತ್ತು ಎಂಬುದು ಕಾಣುತ್ತಿರಲಿಲ್ಲ. ಒಳಗನ್ನು ತೋರಿಸುವ ಇನ್ನೊಂದು ವಿಡಿಯೋ ಇದೆಯೇ ಎಂದು ಕೇಳಿದಾಗ ಇದೆ ಎಂದರಂತೆ. ಮತ್ತೇಕೆ ಕೊಡಲಿಲ್ಲ ಎಂದರೆ, "ಆ ತಾಯಿ ನೋವಿನಿಂದ ಕಿರುಚುವುದು, ಸೀರೆ ಸರಿದದ್ದು ಎಲ್ಲ ಅದರಲ್ಲಿದೆ. ಒಬ್ಬ ಹೆಂಗಸಿನ ಅಂಥ ಚಿತ್ರವನ್ನು ಅವರನ್ನು ಕೇಳದೆ ಪರರ ಕೈಗೆ ಹೇಗೆ ಕೊಡಲಿ? ಅವರ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ" ಎಂದರಂತೆ.

ಇದನ್ನು ಕೇಳಿ ನಮ್ಮವರು ತಲೆ ಚಚ್ಚಿಕೊಂಡರು. "ನೀನು ಅವರನ್ನ ಉಳಿಸೋಕೆ ಹೋಗಿ ಕೆಡಿಸಿದೆ, ಅವರು ನಿನ್ನ ಮಾನ ಉಳಿಸೋಕೆ ಹೋಗಿ ಸುಮ್ಮನಿದ್ರು. ಸರಿಯಾದ ಜೋಡಿ!"

ನಾನು ಒಪ್ಪಿ ಸಹಿ ಹಾಕಿದೆ, ಎಡಗೈಯಲ್ಲಿ, ಕೋಳಿ ಕೆದರಿದ ಹಾಗೆ. ವಕೀಲೆಯ ಆಫೀಸಿನಲ್ಲಿ ವಿಡಿಯೋ ನೋಡಿದೆವು. ಗುದ್ದುವ ಭಾಗ ನಾನು ನೋಡಲಿಲ್ಲ, ಅದಕ್ಕೆ ಮೊದಲಿನದನ್ನು ಮಾತ್ರ ನೋಡಿದೆ. ಗಾಡಿ ನಿಂತಿದೆ. ನನ್ನ ಕೈ ಮುಂದೆ ಬರುತ್ತದೆ. ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡು, ಕೆಳಗಿಟ್ಟು, ಮತ್ತೆ ಸ್ಟೀರಿಂಗ್ ಹಿಡಿಯುತ್ತಾರೆ. ಆಮೇಲೆ ಹೊರಡುತ್ತಾರೆ. ನಾನು ಹಿಂದಕ್ಕೆ ಒರಗಿ ಕೂತಿದ್ದೇನೆ, ಅವರು ಮಾತಾಡುತ್ತಿದ್ದಾರೆ, ಕಣ್ಣು ರಸ್ತೆಯ ಮೇಲೇ ಇದೆ, ಕೈ ಎರಡೂ ಇರಬೇಕಾದ ಕಡೆ ಇವೆ. ಕೊನೆಯ ಗಳಿಗೆಯವರೆಗೂ.

"ಸಾಕಾತು ನೋಡ್ರಿ" ಎಂದಳು ಹುಡುಗಿ.

ಸಾಕಾಗಲು ಇನ್ನೂ ಐದು ವಾರ ಹಿಡಿಯಿತು. ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತಿದ್ದಾಗ ವಕೀಲೆಯ ಫೋನ್ ಬಂತು. ಟ್ರಕ್ಕಿನವನ ಕಂಪನಿ ಪೂರ್ತಿ ಹೊಣೆ ಒಪ್ಪಿಕೊಂಡಿದೆ, ನನ್ನ ಮೇಲೆ ಹೊರಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದೆ ಎಂದಳು. ಥೆರಪಿಯ ಖರ್ಚೂ ಅದರಲ್ಲೇ ಸೇರುತ್ತದೆ, ಥೆರಪಿಯವರಿಗೆ ತಾನೊಂದು ಪತ್ರ ಬರೆದಿದ್ದೇನೆ, ಹಣ ಕೈಸೇರುವವರೆಗೆ ಅವರು ಕಾಯುತ್ತಾರೆ, ನಾಳೆಯೇ ಹೋಗಬಹುದು ಎಂದೂ ಹೇಳಿದಳು.

"ಡ್ರೈವರ್‌ಗೆ ಏನೂ ಆಗಲ್ಲ ಅಲ್ವಾ?"

"ಏನೂ ಆಗಂಗಿಲ್ರಿ. ಅವರು ಗಾಡಿ ಓಡಿಸ್ಲಿಕತ್ತಾರ. ನಿಮಗ ನಮಸ್ಕಾರ ಹೇಳ್ಯಾರ."

ಮಡಿಸಿದ ಬಟ್ಟೆಯ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಎಷ್ಟೋ ವಾರಗಳಿಂದ ಭುಜದಲ್ಲಿ ಕೂತಿದ್ದ ಬಿಗಿ ತಾನಾಗಿ ಇಳಿಯಿತು. ಮೊದಲು ನಮ್ಮವರಿಗೆ ಹೇಳಬೇಕೋ, ತಂಗಿಗೋ ಎಂದು ಯೋಚಿಸಿ, ಇಬ್ಬರಿಗೂ ಬಿಟ್ಟು ಥೆರಪಿಯ ಆಫೀಸಿಗೆ ಫೋನ್ ಮಾಡಿದೆ. ಮತ್ತೆ ಶುರು ಮಾಡಬೇಕು ಎಂದೆ. ಅಲ್ಲಿಯ ರಿಸೆಪ್ಷನ್ ಹುಡುಗಿ ಹೊಸದಾಗಿ ಫಾರಂ ತುಂಬಬೇಕೆಂದು ಹೆಸರು, ವಿಳಾಸ, ಯಾವ ಕೈ ಎಂದೆಲ್ಲ ಕೇಳುತ್ತ ಬಂದಳು.

"ಇದು ಕಾರಿನ ಅಪಘಾತದಿಂದ ಆದದ್ದು, ಅಲ್ಲವೇ? ತಪ್ಪು ಯಾರದು ಎಂದು ಬರೆದುಕೊಳ್ಳಲಿ?"

ನಾಲಿಗೆಯ ತುದಿಗೆ ಹಳೆಯ ಮಾತು ಬಂದೇಬಿಟ್ಟಿತ್ತು. ನುಂಗಿದೆ.

"ಗುದ್ದಿದವನದು" ಎಂದೆ. "ನನ್ನದಲ್ಲ."

ಅವಳು ಟೈಪ್ ಮಾಡಿಕೊಂಡು, ಮಂಗಳವಾರ ಹತ್ತೂವರೆಗೆ ಬನ್ನಿ ಎಂದಳು.